ಕೂಡುಬಲಕ್ಕೆ ಕಟ್ಟಳೆ

ಬೇರೆಬೇರೆಯಾಗಿದ್ದಾಗ ನಿರಪಾಯವೆನಿಸುವ ಎರಡು ಶಕ್ತಿಗಳು ಒಂದುಗೂಡಿದೊಡನೆ ಆಟದ ಸಮತೋಲವೇ ಕೆಡುವುದುಂಟು. ಧಾರವಾಡ ಜಿಲ್ಲೆಯ ಕೋಳಿವಾಡದ ಕುಮಾರವ್ಯಾಸನು ಕನ್ನಡಿಗರ ಮನೆಮಾತಾಗಿಸಿದ ಭಾರತದ ಕಥೆಯಲ್ಲಿಯೇ ಇದರ ದಾರುಣ ನಿದರ್ಶನವಿದೆ. ದ್ಯೂತಸಭೆಯಲ್ಲಿ ಪಣವನ್ನೊಡ್ಡಿದವನು ದುರ್ಯೋಧನ, ದಾಳವನ್ನೆಸೆದವನು ಶಕುನಿ. ಒಬ್ಬನ ಸಂಪತ್ತಿಗೆ ಇನ್ನೊಬ್ಬನ ಕೈಚಳಕ ಕೂಡಿತು. ಒಬ್ಬನ ಪರವಾಗಿ ಮತ್ತೊಬ್ಬನು ಆಡುವುದು ಸಲ್ಲದೆಂದು ಧರ್ಮರಾಯನು ಆಕ್ಷೇಪಿಸಿದುದು ವ್ಯಾಸಭಾರತದ ಸಭಾಪರ್ವದಲ್ಲಿದೆ. ಆದರೆ ಹಿರಿಯರಾರೂ ಆಟವನ್ನು ತಡೆಯಲಿಲ್ಲ. ಆಕ್ಷೇಪಿಸಿದವನೂ ಆಡಲು ಕುಳಿತನು. ಮುಂದಿನ ಅನರ್ಥ ಲೋಕವಿದಿತ.

ಈ ವಿಷಯದಲ್ಲಿ ಆ ರಾಜಸಭೆಗಿಂತ ಹಳ್ಳಿಯ ಕಟ್ಟೆಯೇ ಹೆಚ್ಚು ವಿವೇಕವುಳ್ಳದ್ದು. ನವಲಗುಂದ, ಅಣ್ಣಿಗೇರಿಗಳ ಸೀಮೆಗೂ ಚಿರಪರಿಚಿತವಾದ ಚೌಕಾಬಾರದಲ್ಲಿ ಇಪ್ಪತ್ತೈದು ಮನೆ, ಒಬ್ಬೊಬ್ಬರಿಗೆ ನಾಲ್ಕು ಕಾಯಿ. ಊರೂರಿಗೆ ಕಟ್ಟಳೆ ಬೇರೆ. ‘ಗಟ್ಟಿ’ ಕಟ್ಟುವ ರೂಢಿಯಿದ್ದಲ್ಲಿ ಒಬ್ಬನ ಎರಡು ಕಾಯಿಗಳು ಒಂದೇ ಮನೆಯಲ್ಲಿ ಜೋಡಿಯಾದರೆ ಒಂಟಿ ಕಾಯಿ ಅವನ್ನು ಕಡಿಯಲಾರದು. ಆದರೆ ಆ ಬಲಕ್ಕೆ ಬೆಲೆಯುಂಟು: ಕವಡೆ ಸರಿಸಂಖ್ಯೆಯಲ್ಲಿ ಬಿದ್ದರೆ ಮಾತ್ರ ಗಟ್ಟಿ ಕದಲಬೇಕು, ಅದೂ ಅರ್ಧದಷ್ಟೇ. ನಾಲ್ಕು ಬಿದ್ದರೆ ಎರಡು ಮನೆ. ಎದುರಾಳಿಯೂ ಗಟ್ಟಿ ಕಟ್ಟಿದರೆ ಇದನ್ನು ಕಡಿಯಬಲ್ಲನು.

ಕಡಲಾಚೆಯೂ ಇದೇ ಸೂತ್ರ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟವನ್ನು ಹೊರತಂದರು. ಮೇಜಿನ ಸುತ್ತ ಕುಳಿತವರಲ್ಲಿ ಒಬ್ಬನು ಮಾಂತ್ರಿಕನ, ಒಬ್ಬನು ವೀರನ ಪಾತ್ರ ವಹಿಸಿ ಕಥೆಯನ್ನು ಬೆಳೆಸುವರು, ಸೂತ್ರಧಾರನೊಬ್ಬನು ತೀರ್ಪುಗಾರ. ಮಾಂತ್ರಿಕನು ವೈರಿಯನ್ನು ಸ್ತಂಭನಮಂತ್ರದಿಂದ ನಿಲ್ಲಿಸಿದರೆ, ನಿಂತವನನ್ನು ವೀರನು ಸುಲಭವಾಗಿ ಕಡಿದುಹಾಕುವನು. 2014ರ ಐದನೆಯ ಆವೃತ್ತಿಯು ಇದಕ್ಕೊಂದು ಕಡಿವಾಣ ಹಾಕಿತು: ಏಕಾಗ್ರತೆಯನ್ನು ಬೇಡುವ ಮಂತ್ರಗಳಲ್ಲಿ ಒಂದು ಸಲಕ್ಕೆ ಒಂದನ್ನೇ ಹಿಡಿದಿರಬೇಕು, ಮಾಂತ್ರಿಕನಿಗೆ ಪೆಟ್ಟು ಬಿದ್ದರೆ ಅದೂ ಮುರಿಯಬಹುದು.

ಜಾಣನು ಕಂಡುಹಿಡಿದ ಜೋಡಿಯನ್ನು ಕಸಿದುಕೊಂಡರೆ ಅವನ ಉತ್ಸಾಹ ಬತ್ತುತ್ತದೆ. ತಡೆಯಿಲ್ಲದೆ ಬಿಟ್ಟರೆ ಉಳಿದವರು ಬರಿಯ ಪ್ರೇಕ್ಷಕರಾಗುತ್ತಾರೆ. ಆದುದರಿಂದ ಬಲವಿರಲಿ, ಅದಕ್ಕೆ ಬೆಲೆಯೂ ಇರಲಿ, ಎದುರಾಳಿಗೊಂದು ದಾರಿಯೂ ಇರಲಿ. ನಡುವೆ ಹೊಸ ಜೋಡಿ ತಲೆದೋರಿದರೆ ಅಂದಿನ ಗೆಲುವನ್ನು ಅವನಿಗೇ ಬಿಟ್ಟು, ಮರುದಿನದ ಕಟ್ಟಳೆಯನ್ನು ಎಲ್ಲರ ಎದುರಿನಲ್ಲಿ ಗೊತ್ತುಪಡಿಸುವುದು ಲೇಸು. ಅದನ್ನು ಆಡಿ ತೋರಿಸಬೇಕಾದವನು ಆಟದ ಹಿರಿಯ. ಅವನು ಬಾಯಿ ತೆರೆಯಬೇಕಾದುದು ಕವಡೆ ಬೀಳುವ ಮೊದಲು.