ಜೈಲಿನ ಗೋಡೆ ಮತ್ತು ಓಟು



ಜೈಲಿನಲ್ಲಿರುವವರಿಗೆ ಓಟು ಇರಬೇಕೇ? ನಿಮ್ಮ ಸಂಘದ ಸಭೆಯಲ್ಲಿ ಕೇಳಿ ನೋಡಿ. 'ಸೊಸೆಯನ್ನು ಸುಟ್ಟವರಿಗೆ ಓಟು ಬೇರೆ ಕೇಡು' ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ವರದಕ್ಷಿಣೆಯ ಸಾವುಗಳನ್ನು ಕಂಡವರ ಬಾಯಲ್ಲಿ ಈ ಮಾತು ಸಹಜ. ಆದರೆ ಕಾನೂನು ಯಾರ ಓಟನ್ನು ತಡೆಯುತ್ತಿದೆ ಎಂಬುದನ್ನೂ ನಾವು ನೋಡಬೇಕು.

1951ರ ಪ್ರಜಾಪ್ರಾತಿನಿಧ್ಯ ಕಾಯಿದೆಯ 62(5)ನೇ ಕಲಮಿನ ಪ್ರಕಾರ ಸೆರೆಮನೆಯಲ್ಲಿ ಅಥವಾ ಪೊಲೀಸರ ವಶದಲ್ಲಿ ಇರುವವರು ಮತ ಹಾಕುವಂತಿಲ್ಲ. ಶಿಕ್ಷೆಯಾದವರು, ವಿಚಾರಣೆಗೆ ಕಾದಿರುವವರು ಎಂಬ ಭೇದ ಅದಕ್ಕಿಲ್ಲ. ಅಪರಾಧಿಯೆಂದು ತೀರ್ಪಾದವನು ಮೇಲ್ಮನವಿ ಹಾಕಿ ಜಾಮೀನಿನ ಮೇಲೆ ಹೊರಗಿದ್ದರೆ ಮಾತ್ರ ಧಾರಾಳವಾಗಿ ಮತ ಹಾಕಬಹುದು!

2022ರ ಕೊನೆಗೆ ನಮ್ಮ ದೇಶದ ಜೈಲುಗಳಲ್ಲಿ ಸುಮಾರು 5.73 ಲಕ್ಷ ಜನರಿದ್ದರು. ಅವರಲ್ಲಿ ಸುಮಾರು 4.34 ಲಕ್ಷ ಮಂದಿ ವಿಚಾರಣಾಧೀನರು. ಹಣವಂತನಿಗೆ ವಕೀಲರೂ ಸಿಗುತ್ತಾರೆ, ಜಾಮೀನು ನಿಲ್ಲುವವರೂ ಸಿಗುತ್ತಾರೆ. ಹೆಸರಿನಲ್ಲಿ ಒಂದು ಗುಂಟೆ ನೆಲವಿಲ್ಲದ, ತವರೂ ಕೈಬಿಟ್ಟ ಹೆಣ್ಣಿಗೆ ಯಾರು ನಿಲ್ಲುತ್ತಾರೆ? ಹೆಂಡತಿಯನ್ನು ಹಿಂಸಿಸಿದ ಆರೋಪ ಹೊತ್ತವನು ಜಾಮೀನು ಪಡೆದು ಮತಗಟ್ಟೆಗೆ ಬರುತ್ತಾನೆ. ಸಣ್ಣ ಕಳವಿನ ಆರೋಪ ಹೊತ್ತ ಬಡ ಹೆಣ್ಣುಮಗಳು ಒಳಗೇ ಉಳಿಯುತ್ತಾಳೆ.

1997ರಲ್ಲಿ ಅನುಕೂಲ್ ಚಂದ್ರ ಪ್ರಧಾನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಈ ಕಲಮನ್ನು ಎತ್ತಿಹಿಡಿಯಿತು. ಕೈದಿಗಳ ಮತದಾನಕ್ಕೆ ಹೆಚ್ಚು ಪೊಲೀಸರು, ಹೆಚ್ಚು ಏರ್ಪಾಡು ಬೇಕಾಗುತ್ತದೆ ಎಂಬುದು ಕೊಟ್ಟ ಕಾರಣಗಳಲ್ಲಿ ಒಂದು. ಆದರೆ ಮುಂಜಾಗ್ರತಾ ಬಂಧನದಲ್ಲಿರುವವರು ಅಂಚೆಯ ಮೂಲಕ ಮತ ಹಾಕಲು ಅವಕಾಶವಿದೆ. ಅವರಿಗೆ ಆಗುವ ಏರ್ಪಾಡು ಉಳಿದವರಿಗೆ ಏಕೆ ಆಗದು? ಇನ್ನೂ ವಿಚಿತ್ರವೆಂದರೆ, 2013ರ ತಿದ್ದುಪಡಿಯ ನಂತರ ವಿಚಾರಣಾಧೀನ ಕೈದಿ ಜೈಲಿನಿಂದಲೇ ಚುನಾವಣೆಗೆ ನಿಲ್ಲಬಹುದು, ಓಟು ಮಾತ್ರ ಹಾಕುವಂತಿಲ್ಲ.

ಅದೇ ಕಾಯಿದೆಯ 8ನೇ ಕಲಮು, ವರದಕ್ಷಿಣೆ ನಿಷೇಧ ಕಾಯಿದೆಯಡಿ ಆರು ತಿಂಗಳು ಅಥವಾ ಹೆಚ್ಚು ಸೆರೆವಾಸದ ಶಿಕ್ಷೆಯಾದವರನ್ನು, ಬಿಡುಗಡೆಯಾದ ಮೇಲೂ ಆರು ವರ್ಷ ಚುನಾವಣೆಗೆ ನಿಲ್ಲದಂತೆ ತಡೆಯುತ್ತದೆ. ಇದು ಸರಿಯಾದ ದಾರಿ. ಮೊದಲು ಅಪರಾಧ ಸಾಬೀತಾಗಲಿ, ಆಮೇಲೆ ಹಕ್ಕಿನ ಮಾತು.

ಶಿಕ್ಷೆಯಾದವರ ಓಟಿನ ಬಗ್ಗೆ ನಮ್ಮಲ್ಲಿ ಭಿನ್ನಾಭಿಪ್ರಾಯ ಇರಬಹುದು, ಚರ್ಚಿಸೋಣ. ಆದರೆ ಜಾಮೀನು ಕೊಡಲಾರದ ಬಡತನವೇ ಓಟು ಕಳೆಯುವ ಅಪರಾಧವಾಗಬಾರದು. ಮುಂದಿನ ಬಾರಿ ಮತ ಕೇಳಿಕೊಂಡು ನಿಮ್ಮ ಮನೆಬಾಗಿಲಿಗೆ ಬಂದವರನ್ನು ಈ ಪ್ರಶ್ನೆ ಕೇಳಿ.