ಸೈಟು ಮಾರುವ ಸಭೆಯೂ ಮದುವೆ ಮಾತುಕತೆಯೂ

2022ರ ವರಮಹಾಲಕ್ಷ್ಮಿ ಹಬ್ಬ ಕಳೆದ ಭಾನುವಾರ ನಾವು ಆರು ಜನ ಹೆಂಗಸರು, ನಾಲ್ಕು ಜನರ ಗಂಡಂದಿರು, ಒಂದು ಎಸಿ ಬಸ್ಸು ಹತ್ತಿದೆವು. ಹಿಂದಿನ ವಾರ ಸಂಘದ ಸಭೆಗೆ ಒಬ್ಬ ಹುಡುಗ ಬಂದು ಕಾಗದ ಹಂಚಿ ಹೋಗಿದ್ದ. "ಹಬ್ಬದ ಆಫರ್, ಬಸ್ಸು ಉಚಿತ, ಊಟ ಉಚಿತ, ಬಂದವರಿಗೆಲ್ಲ ಸ್ಟೀಲ್ ಡಬ್ಬಿ. ದಂಪತಿ ಸಮೇತ ಬರಬೇಕು." ಕೊನೆಯ ಮಾತು ನನಗೆ ವಿಚಿತ್ರ ಎನಿಸಿತ್ತು. ಸಾಲಕ್ಕೆ ಸಹಿ ಹಾಕುವಾಗ ನಮ್ಮ ಗಂಡಂದಿರು ಯಾರೂ ಬರುವುದಿಲ್ಲ. ಸೈಟು ನೋಡಲು ಮಾತ್ರ ಯಾಕೆ ಜೋಡಿಯಾಗಿ ಬರಬೇಕು? ಅದಕ್ಕೆ ಉತ್ತರ ಅವತ್ತು ಸಂಜೆಯೇ ಸಿಕ್ಕಿತು.

ಮೊದಲು ಜಾಗ ತೋರಿಸಿದರು. ಹೆದ್ದಾರಿಯಿಂದ ಒಳಗೆ ನಾಲ್ಕು ಕಿಲೋಮೀಟರ್. ಬಯಲಲ್ಲಿ ಬಿಳಿ ಬಣ್ಣ ಬಳಿದ ಕಲ್ಲುಗಳು, ಒಂದು ಕಮಾನು, ಎರಡು ಸಾಲು ಅಲಂಕಾರದ ಗಿಡ. ಕಾಲು ಗಂಟೆಯೂ ಇರಲು ಬಿಡಲಿಲ್ಲ. "ಬಿಸಿಲು ಅಕ್ಕಾ, ಹಾಲಲ್ಲಿ ಎಲ್ಲಾ ವಿವರ ಹೇಳ್ತಾರೆ" ಎಂದು ಕಲ್ಯಾಣ ಮಂಟಪವೊಂದಕ್ಕೆ ಕರೆದೊಯ್ದರು. ಕಿಟಕಿಗೆಲ್ಲ ಪರದೆ, ದೊಡ್ಡ ಹಾಡು, ಪರದೆಯ ಮೇಲೆ ವಿಮಾನ ನಿಲ್ದಾಣದ ಚಿತ್ರ. ವೇದಿಕೆಯ ಮೇಲಿದ್ದ ಮನುಷ್ಯ ತಾನು ಬಡವನಾಗಿ ಹುಟ್ಟಿದ ಕಥೆ ಹೇಳಿದ. ತಾಯಿ ಮುಸುರೆ ತಿಕ್ಕಿದ್ದನ್ನು ಹೇಳುವಾಗ ಕಣ್ಣೊರೆಸಿಕೊಂಡ. ನಾನೂ ಒರೆಸಿಕೊಂಡೆ, ಸುಳ್ಳು ಹೇಳುವುದಿಲ್ಲ.

ಊಟ ಆದ ಮೇಲೆ ನಿಜವಾದ ಕೆಲಸ ಶುರುವಾಯಿತು. ಒಂದೊಂದು ಜೋಡಿಗೆ ಒಂದೊಂದು ಮೇಜು, ಒಬ್ಬೊಬ್ಬ ಹುಡುಗ. ನನ್ನ ಮನೆಯವರು ಬಂದಿರಲಿಲ್ಲವಾದ್ದರಿಂದ ನನ್ನನ್ನು ಯಾರೂ ಹೆಚ್ಚು ವಿಚಾರಿಸಲಿಲ್ಲ. ನಮ್ಮ ಸಂಘದ ಹೂ ಮಾರುವ ಅಕ್ಕನ ಪಕ್ಕ ಕೂತೆ. ಹುಡುಗ ಒಂದು ಫಾರಂ ತುಂಬಿಸಿಕೊಳ್ಳತೊಡಗಿದ. ಬಾಡಿಗೆ ಎಷ್ಟು? ಮಕ್ಕಳೆಷ್ಟು? ಹೆಣ್ಣುಮಕ್ಕಳಿಗೆ ವಯಸ್ಸೆಷ್ಟು? ಸಂಘದಲ್ಲಿ ಎಷ್ಟು ಸಾಲ ಸಿಗುತ್ತೆ? ಮನೆಯಲ್ಲಿ ಬಂಗಾರ ಎಷ್ಟಿದೆ? ಸೈಟಿನ ಸರ್ವೆ ನಂಬರು ಎಷ್ಟು ಎಂದು ನಾನು ಕೇಳಿದೆ. "ಅದೆಲ್ಲಾ ಲೀಗಲ್ ಅವರು ನೋಡ್ಕೋತಾರೆ ಮೇಡಂ" ಎಂದ. ಅವಳ ಮೈಮೇಲಿನ ಬಂಗಾರದ ಲೆಕ್ಕ ಅವನಿಗೆ ಬೇಕು, ಅವನ ಜಮೀನಿನ ಲೆಕ್ಕ ಅವಳಿಗೆ ಬೇಡ!

ಅಷ್ಟರಲ್ಲಿ ಟಣ್ ಎಂದು ಗಂಟೆ. "ನಲವತ್ತೆರಡನೇ ನಂಬರ್ ಬುಕ್ ಆಯ್ತು!" ಎಂದು ಮೈಕಿನಲ್ಲಿ ಕೂಗಿದರು, ಎಲ್ಲರೂ ಚಪ್ಪಾಳೆ. ಐದು ನಿಮಿಷಕ್ಕೊಮ್ಮೆ ಗಂಟೆ. ನಮ್ಮ ಅಕ್ಕ ಮೆಲ್ಲಗೆ, "ಮನೆಗೆ ಹೋಗಿ ಯೋಚನೆ ಮಾಡಿ ಹೇಳ್ತೀವಿ ಕಣಪ್ಪ" ಎಂದಳು. ಹುಡುಗ ಅವಳ ಮುಖ ನೋಡಲೇ ಇಲ್ಲ. ಅವಳ ಗಂಡನ ಕಡೆ ತಿರುಗಿ, ನಗುತ್ತಾ, "ಏನ್ ಸಾರ್, ನಿಮ್ಮನೇಲಿ ತೀರ್ಮಾನ ತಗೊಳ್ಳೋರು ಯಾರು?" ಎಂದ. ಪಕ್ಕದ ಮೇಜಿನವರೂ ನಕ್ಕರು. ಆ ಮನುಷ್ಯನ ಮುಖ ಕೆಂಪಾಯಿತು. ಜೇಬಿನಿಂದ ಫೋನ್ ತೆಗೆದು ಐದು ಸಾವಿರ ಟೋಕನ್ ಹಾಕಿಬಿಟ್ಟ. ಗಂಟೆ ಬಾರಿಸಿತು. ನಾವೂ ಚಪ್ಪಾಳೆ ತಟ್ಟಿದೆವು.

ದಂಪತಿ ಸಮೇತ ಬನ್ನಿ ಎಂದಿದ್ದು ಇದಕ್ಕೆ. ಹೆಣ್ಣಿನ ಬಂಗಾರ, ಹೆಣ್ಣಿನ ಸಾಲ, ಗಂಡಸಿನ ಮರ್ಯಾದೆ. ಮೂರೂ ಒಂದೇ ಮೇಜಿಗೆ ಬಂದರೆ ತಾನೇ ವ್ಯಾಪಾರ?

ಬಸ್ಸಿನಲ್ಲಿ ವಾಪಸು ಬರುವಾಗ ನನಗೆ ತಲೆಯಲ್ಲಿ ಒಂದೇ ಕೊರೆತ. ಈ ಮಾತುಗಳನ್ನು ನಾನು ಎಲ್ಲೋ ಕೇಳಿದ್ದೇನೆ. ಆಮೇಲೆ ಹೊಳೆಯಿತು. ನನ್ನ ಮದುವೆಯ ಮಾತುಕತೆಯಲ್ಲಿ, ನನ್ನ ತಂಗಿಯ ಮದುವೆಯ ಮಾತುಕತೆಯಲ್ಲಿ. "ಇವತ್ತೇ ಹೇಳಿಬಿಡಿ, ಇನ್ನೂ ಎರಡು ಕಡೆ ಕೇಳ್ತಾ ಇದಾರೆ." "ಒಳ್ಳೇ ಸಂಬಂಧ, ಕೈಬಿಟ್ಟರೆ ಮತ್ತೆ ಸಿಗೋಲ್ಲ." "ಹೆಂಗಸರನ್ನ ಕೇಳ್ಕೊಂಡು ಕೂತ್ರೆ ಆಗುತ್ತಾ ಯಜಮಾನ್ರೇ?" ಅಂದು ನಮ್ಮಪ್ಪನ ಮುಖವೂ ಹೀಗೇ ಕೆಂಪಾಗಿ, ಹೀಗೇ ಒಪ್ಪಿಕೊಂಡಿದ್ದ. ಅವ್ವ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು. ಒಂದು ರಾತ್ರಿ ಸಮಯ ಕೊಟ್ಟಿದ್ದರೆ ಅವಳು ಒಂದು ಮಾತು ಹೇಳುತ್ತಿದ್ದಳು. ಆ ಒಂದು ರಾತ್ರಿ ಸಿಗಬಾರದು ಎಂಬುದೇ ಎರಡೂ ಕಡೆಯವರ ಲೆಕ್ಕ.

ಮುಂದೆ ಆದದ್ದನ್ನು ಬೇಗ ಹೇಳುತ್ತೇನೆ. ಮೂರು ದಿನದಲ್ಲಿ ಮುಂದಿನ ಕಂತು ಕಟ್ಟದಿದ್ದರೆ ಟೋಕನ್ ಹಣ ಹೋಗುತ್ತದೆ ಎಂದರು. ಸೋಮವಾರ ಬೆಳಿಗ್ಗೆ ಅದೇ ಹುಡುಗ ಕಾರು ತಂದು ಅಕ್ಕನನ್ನು ಒಡವೆ ಸಾಲದ ಅಂಗಡಿಗೆ ಕರೆದೊಯ್ದ. ಬಳೆ, ಸರ ಇಟ್ಟು 95 ಸಾವಿರ. ತಿಂಗಳೊಳಗೆ ನಮ್ಮ ಸಂಘದಿಂದ 1 ಲಕ್ಷ, ಮೈಕ್ರೋ ಫೈನಾನ್ಸಿನಿಂದ 50 ಸಾವಿರ. ಟೋಕನ್ ಸೇರಿ ಎರಡೂವರೆ ಲಕ್ಷ. ಸಂಘದ ಸಾಲಕ್ಕೆ ಪ್ರತಿನಿಧಿಯಾಗಿ ಸಹಿ ಹಾಕಿದವಳು ನಾನು. ಹಾಲಿನಲ್ಲಿ ಪಕ್ಕದಲ್ಲೇ ಕೂತು ಎಲ್ಲವನ್ನೂ ಕಣ್ಣಾರೆ ಕಂಡವಳು, ಆದರೂ ಹಾಕಿದೆ. ಅವಳು ಅಳುತ್ತಿದ್ದಳು, ಟೋಕನ್ ಹೋದರೆ ಮನೆಯಲ್ಲಿ ಜಗಳ ಎಂದಳು, ಹಾಕಿದೆ. ರಸೀದಿ ಮಾತ್ರ ಅವಳ ಗಂಡನ ಹೆಸರಿಗೆ.

2023ರ ಬೇಸಿಗೆಯ ಹೊತ್ತಿಗೆ ಅವರ ಕಚೇರಿಗೆ ಬೀಗ. ತಾಲ್ಲೂಕು ಕಚೇರಿಯಲ್ಲಿ ಪಹಣಿ ತೆಗೆಸಿದರೆ ಆ ಜಮೀನು ಮೂವರು ಅಣ್ಣತಮ್ಮಂದಿರ ಜಂಟಿ ಹೆಸರಿನಲ್ಲಿ ಇತ್ತು, ರಾಗಿ ಬೆಳೆ ಎಂದು ನಮೂದಾಗಿತ್ತು. ಭೂಪರಿವರ್ತನೆಯೇ ಆಗಿರಲಿಲ್ಲ. ಮನೆಯಲ್ಲಿ ಹೊಡೆತ ಶುರುವಾಯಿತು. ಟೋಕನ್ ಹಾಕಿದವನು ಅವನು, ಹೊಡೆಸಿಕೊಂಡವಳು ಅವಳು. "ನಿನ್ನ ಸಂಘಕ್ಕೆ ಬಂದ ಕಾಗದದಿಂದಲೇ ಇದೆಲ್ಲಾ ಆಗಿದ್ದು" ಎಂದು.

ಇದನ್ನು ಕೇಳಿದ ಎಷ್ಟೋ ಜನ, ನಮ್ಮ ಸಂಘದವರೂ ಸೇರಿ, "ಆಸೆಬುರುಕತನ, ಓದು ಬರಹ ಇಲ್ಲದ ದಡ್ಡತನ" ಎಂದರು. ನಾನು ಒಪ್ಪುವುದಿಲ್ಲ. ಇಪ್ಪತ್ತು ವರ್ಷ ಬಾಡಿಗೆ ಮನೆಯಲ್ಲಿದ್ದವಳು ನಾಲ್ಕು ಗೋಡೆ ಬಯಸುವುದು ಆಸೆಬುರುಕತನವಲ್ಲ. ಓದಿದವರೇನು ಕಡಿಮೆಯೇ? ಅಮೆರಿಕದಲ್ಲಿ ಡೊನಾಲ್ಡ್ ಟ್ರಂಪ್ ಅವರ ಹೆಸರಿನಲ್ಲಿ 2005ರಿಂದ 2010ರವರೆಗೆ 'ಟ್ರಂಪ್ ಯೂನಿವರ್ಸಿಟಿ' ಎಂಬ ವ್ಯಾಪಾರ ನಡೆಯಿತು. ಹೆಸರಷ್ಟೇ ಯೂನಿವರ್ಸಿಟಿ, ಪದವಿ ಗಿದವಿ ಇಲ್ಲ. ಜಮೀನು ಮನೆ ಕೊಂಡು ಮಾರಿ ಹಣ ಮಾಡುವುದನ್ನು ಕಲಿಸುತ್ತೇವೆ ಎಂದು ಮೊದಲು ಪುಕ್ಕಟೆ ಭಾಷಣ, ಆಮೇಲೆ 1,495 ಡಾಲರಿನ ಮೂರು ದಿನದ ಶಿಬಿರ, ಅಲ್ಲಿಂದ ಸುಮಾರು 35,000 ಡಾಲರಿನವರೆಗೆ. 2016ರಲ್ಲಿ ನ್ಯಾಯಾಲಯದ ಮೂಲಕ ಅವರ ಮಾರಾಟಗಾರರ ಕೈಪಿಡಿ ಬಯಲಿಗೆ ಬಂತು. ಬಂದವರ ಉಳಿತಾಯ, ಸಾಲ ಎಷ್ಟಿದೆ ಎಂದು ತಿಳಿದುಕೊಳ್ಳಬೇಕು. ಮೂರು ಮಕ್ಕಳನ್ನು ಒಂಟಿಯಾಗಿ ಸಾಕುತ್ತಾ ಊಟಕ್ಕೆ ಹಣ ಬೇಕಾದವರೇ, ಇತ್ಯಾದಿ ಕಷ್ಟ ಏನೆಂದು ಅರಿಯಬೇಕು. ಮಾರಬೇಕಾದದ್ದು ವಸ್ತುವನ್ನಲ್ಲ, ಭಾವನೆಯನ್ನು. ಕೋಣೆಯ ತಂಪು ಎಷ್ಟಿರಬೇಕು ಎಂಬುದೂ ಅದರಲ್ಲಿತ್ತು! ಅದೇ ವರ್ಷದ ನವೆಂಬರಿನಲ್ಲಿ, ತಪ್ಪು ಒಪ್ಪಿಕೊಳ್ಳದೆಯೇ, 2.5 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡರು. ನಮ್ಮ ದೇಶದಲ್ಲಿ ಜಮೀನು ಕೊಡುತ್ತೇವೆಂದು ಕಂತು ಕಟ್ಟಿಸಿಕೊಂಡ ಪಿಎಸಿಎಲ್ ಕಂಪನಿಗೆ, ಹೂಡಿದವರ 49,100 ಕೋಟಿ ರೂಪಾಯಿ ಹಿಂದಿರುಗಿಸುವಂತೆ ಸೆಬಿ 2014ರ ಆಗಸ್ಟಿನಲ್ಲಿ ಆದೇಶಿಸಿತು. ಹಣ ಕಟ್ಟಿದವರು ಸುಮಾರು 5.85 ಕೋಟಿ ಜನ. ಇಷ್ಟು ಜನರೂ ದಡ್ಡರೇ? ಇದು ಕಲಿಸಿ ಮಾಡಿಸುವ ಕೆಲಸ, ಅಭ್ಯಾಸ ಮಾಡಿದ ಮಾತು. ನಮ್ಮ ಮೇಜಿನ ಹುಡುಗನೂ ಅದನ್ನು ಬಾಯಿಪಾಠ ಮಾಡಿದ್ದನೇ ಹೊರತು ಅವನ ಸ್ವಂತದ್ದಲ್ಲ. ಅವನಿಗೂ ಮೂರು ತಿಂಗಳ ಸಂಬಳ ಬಂದಿಲ್ಲವಂತೆ. ಅವನ ತಾಯಿಯೂ ಒಂದು ಸಂಘದ ಸದಸ್ಯೆ.

ಕಾನೂನು ಏನು ಹೇಳುತ್ತದೆ ಎಂಬುದು ನನಗೆ ತಿಳಿದದ್ದು ಎಲ್ಲ ಮುಗಿದ ಮೇಲೆ. 2016ರ ರೇರಾ ಕಾಯ್ದೆಯ ಪ್ರಕಾರ 500 ಚದರ ಮೀಟರಿಗೆ ಮೀರಿದ ಬಡಾವಣೆಯನ್ನು ರೇರಾದಲ್ಲಿ ನೋಂದಾಯಿಸದೆ ಜಾಹೀರಾತು ಕೊಡುವಂತೆಯೇ ಇಲ್ಲ, ಬುಕಿಂಗ್ ಮಾಡಿಸುವಂತೆಯೂ ಇಲ್ಲ. ಅಂದರೆ ಆ ಕಾಗದ ಹಂಚಿದ್ದೇ ತಪ್ಪು. ಅದೇ ಕಾಯ್ದೆಯ 13ನೇ ಕಲಮಿನಂತೆ, ಕರಾರು ಪತ್ರ ಬರೆದು ನೋಂದಣಿ ಮಾಡಿಸುವ ಮೊದಲು ಬೆಲೆಯ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಹಣ ತೆಗೆದುಕೊಳ್ಳಬಾರದು. ಅಕ್ಕನ ಸೈಟಿನ ಬೆಲೆ 6 ಲಕ್ಷ. 60 ಸಾವಿರ ಮೀರುವಂತಿರಲಿಲ್ಲ, ಎರಡೂವರೆ ಲಕ್ಷ ಕಿತ್ತುಕೊಂಡರು. ಕೈಯಲ್ಲಿರುವ ಬುಕಿಂಗ್ ರಸೀದಿಯಿಂದ ಭೂಮಿಯ ಹಕ್ಕು ಯಾರಿಗೂ ಬರುವುದಿಲ್ಲ. ನೋಂದಣಿಯಾದ ಕ್ರಯಪತ್ರವೇ ಬೇಕು. ಪಹಣಿ, ಋಣಭಾರ ಪತ್ರ, ಭೂಪರಿವರ್ತನೆಯ ಆದೇಶ, ಬಡಾವಣೆ ನಕ್ಷೆಯ ಮಂಜೂರಾತಿ, ಪಂಚಾಯಿತಿ ವ್ಯಾಪ್ತಿಯಾದರೆ ನಮೂನೆ 9 ಮತ್ತು 11, ಇವುಗಳನ್ನು ಕೇಳಿದರೆ ಪ್ರಾಮಾಣಿಕ ಮಾರಾಟಗಾರ ಸಿಟ್ಟಾಗುವುದಿಲ್ಲ. ಪಹಣಿಯನ್ನಂತೂ ಯಾರು ಬೇಕಾದರೂ ತೆಗೆಸಬಹುದು. ಇಷ್ಟೆಲ್ಲಾ ಕಾನೂನು ಇದ್ದೂ ಕಲ್ಯಾಣ ಮಂಟಪಗಳಲ್ಲಿ ಗಂಟೆ ಬಾರಿಸುತ್ತಲೇ ಇದೆ. ಮೋಸ ಹೋದವಳು ದೂರು ಹೊತ್ತು ಬರಲಿ ಎಂದು ಕಾಯುವ ಬದಲು, ಭಾನುವಾರ ಆ ಮಂಟಪಕ್ಕೇ ಹೋಗಿ ನೋಡುವ ಒಬ್ಬ ಅಧಿಕಾರಿ ಯಾಕಿಲ್ಲ?

ಆದರೆ ನನ್ನ ದೊಡ್ಡ ತಕರಾರು ನಮ್ಮ ಮೇಲೆಯೇ. ಅಕ್ಕನಿಗೆ ಅಷ್ಟು ಅವಸರ ಯಾಕಿತ್ತು ಎಂಬುದನ್ನು ಇನ್ನೂ ಹೇಳಿಲ್ಲ. ಅವಳ ಮಗಳನ್ನು ಕೇಳಿಕೊಂಡು ಬಂದಿದ್ದವರು ನಗದು ಬೇಡ, ಬೈಕು ಬೇಡ, "ಹುಡುಗನ ಹೆಸರಿಗೆ ಒಂದು ಸೈಟು ಮಾಡಿಕೊಡಿ, ನಿಮ್ಮ ಮಗಳೇ ತಾನೇ ಇರೋಳು" ಎಂದಿದ್ದರು. ಇದನ್ನು ಅವಳು ಸಂಘದಲ್ಲಿ ಹೇಳಿದಾಗ ನಾವು ಯಾರೂ ವರದಕ್ಷಿಣೆ ಎನ್ನಲಿಲ್ಲ. "ಪರವಾಗಿಲ್ಲ, ಮಗಳಿಗೆ ನೆಲೆ ಆಗುತ್ತೆ" ಎಂದೆವು. ವರ್ಷಕ್ಕೊಮ್ಮೆ ಮಹಿಳಾ ದಿನದಂದು ವರದಕ್ಷಿಣೆಯ ವಿರುದ್ಧ ಪ್ರತಿಜ್ಞೆ ಮಾಡುವ ನಾವು! 1961ರ ವರದಕ್ಷಿಣೆ ನಿಷೇಧ ಕಾಯ್ದೆ ಆಸ್ತಿ ಎಂದೇ ಹೇಳುತ್ತದೆ. ಮದುವೆಯ ಸಂಬಂಧವಾಗಿ ಕೇಳಿದ ಸೈಟು ಬಂಗಾರದಷ್ಟೇ ವರದಕ್ಷಿಣೆ. ಸೈಟು ಮಾರುವವರಿಗೆ ಇದು ನಮಗಿಂತ ಚೆನ್ನಾಗಿ ಗೊತ್ತಿದೆ. "ಮಗಳ ಮದುವೆಗೆ ಉಡುಗೊರೆ" ಎಂದು ಆ ಹಾಲಿನ ಗೋಡೆಯ ಮೇಲೆ ಬ್ಯಾನರು ಕಟ್ಟಿದ್ದರು. ವರದಕ್ಷಿಣೆಯ ಭಯ ಇಲ್ಲದಿದ್ದರೆ ಅವರ ಅರ್ಧ ಕುರ್ಚಿಗಳು ಖಾಲಿ.

ಈಗ ನಮ್ಮ ಸಂಘದಲ್ಲಿ ಒಂದು ನಿಯಮ ಮಾಡಿದ್ದೇವೆ. ಸೈಟು, ಚೀಟಿ, ಸ್ಕೀಮು ಎಂದು ಯಾರು ಸಾಲ ಕೇಳಿದರೂ ಎರಡು ಸಭೆ ಕಳೆಯದೆ ಕೊಡುವುದಿಲ್ಲ. ಕಾಗದಪತ್ರ ಸಭೆಯ ಮುಂದೆ ಇಡಬೇಕು. ಸಾಲ ಹೆಂಗಸಿನದಾದರೆ ಕ್ರಯಪತ್ರವೂ ಅವಳ ಹೆಸರಿಗೇ ಆಗಬೇಕು. ಇದಕ್ಕೆ ಎಲ್ಲರೂ ಒಪ್ಪಿದರು ಎಂದೇನಿಲ್ಲ. ಕೊನೆಯ ಮಾತಿಗೆ ಮೂರು ಜನ ಎದ್ದು ನಿಂತರು. "ಹಂಗಂದ್ರೆ ಗಂಡ ಮನೆಯಿಂದ ಆಚೆ ಹಾಕ್ತಾನೆ, ನೀನ್ ಇಟ್ಕೋತೀಯಾ?" ಎಂದು ಒಬ್ಬಳು ನನ್ನನ್ನೇ ಕೇಳಿದಳು. ಉತ್ತರ ಇರಲಿಲ್ಲ. ಇನ್ನೊಬ್ಬಳು ಸಂಘ ಬಿಟ್ಟು ಮೈಕ್ರೋ ಫೈನಾನ್ಸ್ ಗುಂಪು ಸೇರಿದಳು, ಅಲ್ಲಿ ಎರಡು ಸಭೆ ಕಾಯಬೇಕಿಲ್ಲ. ಆದರೂ ನಿಯಮ ಇರಲಿ ಎಂದೇ ನನ್ನ ವಾದ. ಮನೆಯಲ್ಲಿ "ನಾನು ಒಪ್ಪಲ್ಲ" ಎನ್ನಲಾಗದವಳು "ಸಂಘ ಒಪ್ಪಲ್ಲ" ಎಂದಾದರೂ ಹೇಳಬಹುದು. ನಾನು ಸಹಿ ಹಾಕಿದ ದಿನ ಅಂಥ ನಿಯಮ ಇದ್ದಿದ್ದರೆ ಹದಿನೈದು ದಿನ ಸಿಗುತ್ತಿತ್ತು, ಅಷ್ಟರಲ್ಲಿ ಪಹಣಿ ತೆಗೆಸುತ್ತಿದ್ದೆವು.

ಬಂಗಾರ ಅವಳ ಸ್ತ್ರೀಧನ. ಗಂಡ ಅದನ್ನು ಬಲವಂತದಿಂದ ಕಳೆದರೆ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಲ್ಲಿ ಅದು ಆರ್ಥಿಕ ದೌರ್ಜನ್ಯ. ಸಿಡಿಪಿಒ ಅವರೇ ನಮ್ಮ ರಾಜ್ಯದಲ್ಲಿ ರಕ್ಷಣಾಧಿಕಾರಿ, ಅವರ ಹತ್ತಿರ ಹೋಗೋಣ ಎಂದು ಎಷ್ಟು ಸಲ ಕರೆದರೂ ಅಕ್ಕ ಬರಲಿಲ್ಲ. "ಮಗಳ ಮದುವೆ ಆಗಲಿ" ಎಂದಳು. ಸೈಟು ಬರುತ್ತದೆ ಎಂಬ ಮಾತಿನ ಮೇಲೆ ಮದುವೆಯೂ ಆಯಿತು. ರೇರಾಗೆ ಕೊಟ್ಟ ದೂರು ಇನ್ನೂ ನಡೆಯುತ್ತಿದೆ. ಒಡವೆ ಹರಾಜಾಯಿತು. ಸಂಘದ ಸಾಲದಲ್ಲಿ ಉಳಿದ ಕಂತುಗಳಿಗೆ ನಾವು ಹದಿನಾಲ್ಕು ಜನ ವಾರಕ್ಕೆ ಇಪ್ಪತ್ತು ರೂಪಾಯಿ ಹಾಕುತ್ತಿದ್ದೇವೆ, ನಾನು ಐವತ್ತು.

ಮಗಳು ಹೋದ ಸಂಕ್ರಾಂತಿಗೆ ಬಂದವಳು ವಾಪಸು ಹೋಗಿಲ್ಲ. ಹಬ್ಬ ಹಬ್ಬಕ್ಕೂ "ಸೈಟು ಏನಾಯ್ತು" ಎಂದು ಕೇಳುತ್ತಿದ್ದರಂತೆ, ಈ ಸಲ ಕೇಳುವುದರ ಜೊತೆಗೆ ಕೈಯೂ ಮಾಡಿದರಂತೆ. ಕಳೆದ ಮಂಗಳವಾರದ ಸಭೆಗೆ ಅಕ್ಕ ಅವಳನ್ನೂ ಕರೆತಂದಳು. ಪ್ಲಾಸ್ಟಿಕ್ ಕವರಿನಲ್ಲಿ ರಸೀದಿಗಳು, ಒಡವೆ ಅಂಗಡಿಯ ಚೀಟಿ, ಮದುವೆಯ ಫೋಟೋ ಎಲ್ಲಾ ಇದ್ದವು. ಹುಡುಗಿ ಅದನ್ನು ನನ್ನ ಮುಂದೆ ಇಟ್ಟು, "ಆಂಟಿ, ಸಿಡಿಪಿಒ ಆಫೀಸು ಎಷ್ಟು ಗಂಟೆಗೆ ತೆಗೀತಾರೆ?" ಎಂದು ಕೇಳಿದಳು. ಅವಳ ತಾಯಿ ಈ ಸಲ ಬೇಡ ಎನ್ನಲಿಲ್ಲ.