ಕುರಿಗಾಹಿ ಒಪ್ಪಿದರೆ ಕಾಡುಕುದುರೆ ಉಳಿದೀತು

2024ರ ಜೂನ್‌ನಲ್ಲಿ ಝೆಕ್ ಸೇನೆಯ ವಿಮಾನಗಳು ಏಳು ಕುದುರೆಗಳನ್ನು ಹೊತ್ತು ಕಜಾಕಸ್ತಾನದಲ್ಲಿ ಇಳಿದವು. ಯುರೋಪಿನ ಆಶ್ರಯದಲ್ಲಿ ಹುಟ್ಟಿ ಬೆಳೆದ ಈ ಪ್ರಜೆವಾಲ್‌ಸ್ಕಿ ಕುದುರೆಗಳನ್ನು ಅಲ್ಟಿನ್ ದಾಲಾ ಹುಲ್ಲುಗಾವಲಿಗೆ ಒಯ್ಯಲಾಯಿತು. ತವರಿನಿಂದ ಅಳಿದುಹೋಗಿದ್ದ ಪ್ರಾಣಿ ಮರಳಿ ಅದೇ ನೆಲ ಮುಟ್ಟಿದ್ದು ಸಂತೋಷಪಡಬೇಕಾದ ಸಂಗತಿ. ಆದರೆ ಅವು ಅಲ್ಲಿ ಬಾಳುವುದನ್ನು ನಿರ್ಧರಿಸುವುದು ವಿಮಾನವಲ್ಲ. ಚಳಿಗಾಲಕ್ಕೆ ಹುಲ್ಲೆಲ್ಲಿ, ತೋಳಕ್ಕೆ ಬೇಟೆ ಯಾವುದು, ಪಕ್ಕದಲ್ಲೇ ಕುರಿ ಮೇಯಿಸುವವರಿಗೆ ಇದರಿಂದ ಆಗುವುದು ನಷ್ಟವೋ ಲಾಭವೋ ಎಂಬ ಮೂರು ಪ್ರಶ್ನೆಗಳಿಗೆ ಸಿಗುವ ಉತ್ತರ ಅದನ್ನು ನಿರ್ಧರಿಸುತ್ತದೆ. ಮಂಗೋಲಿಯಾ ಮೂರು ದಶಕಗಳಿಂದ ಈ ಪ್ರಶ್ನೆಗಳನ್ನು ಎದುರಿಸುತ್ತಾ ಬಂದಿದೆ. ಅದರ ಅನುಭವವನ್ನು ಗಮನವಿಟ್ಟು ಓದಬೇಕು.

ಮಂಗೋಲಿಯನ್ನರು ಈ ಕುದುರೆಯನ್ನು ‘ತಾಖಿ’ ಎನ್ನುತ್ತಾರೆ. ಪೂಜ್ಯ ಎಂಬ ಭಾವ ಆ ಹೆಸರಿನಲ್ಲಿದೆ. ಗಿಡ್ಡ ಮೈಕಟ್ಟು, ಒಣಹುಲ್ಲಿನ ಬಣ್ಣ, ಬಿಳಿಚಿದ ಮೂತಿ, ಕತ್ತರಿಸಿಟ್ಟಂತೆ ನೆಟ್ಟಗೆ ನಿಲ್ಲುವ ಕಪ್ಪು ಕೇಸರ. ಕಾಡಿನಲ್ಲಿ ಕೊನೆಯ ತಾಖಿ ಕಂಡದ್ದು 1969ರಲ್ಲಿ, ಗೋಬಿಯಲ್ಲಿ. ಎರಡನೇ ಮಹಾಯುದ್ಧ ಮುಗಿದಾಗ ಮೃಗಾಲಯಗಳಲ್ಲಿ ಉಳಿದಿದ್ದವು 31 ಮಾತ್ರ. ಇಂದಿನ ಎಲ್ಲ ತಾಖಿಗಳೂ ಹತ್ತು–ಹದಿನೈದು ಮೂಲ ಪ್ರಾಣಿಗಳ ಸಂತತಿ. ಹತ್ತಿರದ ರಕ್ತಸಂಬಂಧದ ಜೋಡಿಗಳಾಗದಂತೆ ಪ್ರಾಗ್ ಮೃಗಾಲಯ ಪ್ರತಿ ಮರಿಯ ವಂಶಾವಳಿಯನ್ನು ದಾಖಲಿಸಿಕೊಂಡು ಬಂದಿತು. 1992ರಲ್ಲಿ ಮೊದಲ ತಂಡಗಳು ತಾಯ್ನಾಡಿಗೆ ಮರಳಿದವು: ಒಂದು ಉಲಾನ್‌ಬಾತರ್‌ನಿಂದ ಸುಮಾರು 100 ಕಿ.ಮೀ. ಪಶ್ಚಿಮದ ಹುಸ್ತಾಯಿಗೆ, ಇನ್ನೊಂದು ಗೋಬಿಯ ಅಂಚಿನ ತಾಖಿನ್ ತಾಲ್‌ಗೆ. 2000ದವರೆಗೆ ಹುಸ್ತಾಯಿಗೆ ಬಂದದ್ದು 84 ಕುದುರೆಗಳು. ಈಗ ಅಲ್ಲಿ 300ಕ್ಕೂ ಹೆಚ್ಚಿವೆ.

ಈ ಏರಿಕೆ ಸಲೀಸಾಗಿ ಆದದ್ದಲ್ಲ. ಹಲವು ತಲೆಮಾರು ಬೇಲಿಯೊಳಗೆ ಬೆಳೆದ ಕುದುರೆಗೆ ತೋಳದ ಪರಿಚಯವಿರಲಿಲ್ಲ. ಉಣ್ಣಿ ಹರಡುವ ರೋಗವನ್ನು ತಡೆಯುವ ಶಕ್ತಿಯೂ ಇರಲಿಲ್ಲ. ತಾಖಿನ್ ತಾಲ್‌ನಲ್ಲಿ ಆರಂಭದ ವರ್ಷಗಳಲ್ಲಿ ಆ ರೋಗಕ್ಕೇ ಹಲವು ಬಲಿಯಾದವು. ಹುಸ್ತಾಯಿಯಲ್ಲಿ ತೋಳದ ಕಣ್ಣು ಬಿದ್ದದ್ದು ವಸಂತದಲ್ಲಿ ಹುಟ್ಟಿದ ಮರಿಗಳ ಮೇಲೆ. ತೋಳ ಕಂಡೊಡನೆ ಹೆಣ್ಣುಗುದುರೆಗಳು ಮರಿಗಳನ್ನು ನಡುವೆ ಇಟ್ಟುಕೊಂಡು ಗುಂಪುಗೂಡುತ್ತವೆ. ಗುಂಪಿನ ಗಂಡು ಕತ್ತು ಚಾಚಿ, ಕಿವಿ ಹಿಂದಕ್ಕೆ ಮಡಚಿ ಎದುರು ನುಗ್ಗುತ್ತದೆ. ಇದನ್ನು ಯಾವ ಮೃಗಾಲಯವೂ ಕಲಿಸಲಾರದು. ಹಾಗಾಗಿ ಎಲ್ಲ ತೋಳಗಳನ್ನೂ ಕೊಂದು ಕುದುರೆಗೆ ದಾರಿ ಮಾಡಿಕೊಡುವುದು ತಪ್ಪು. ಬೇಟೆಗಾರನಿಲ್ಲದ ಬಯಲಿನಲ್ಲಿ ಬೆಳೆದದ್ದು ಸಾಕುಪ್ರಾಣಿಯಾದೀತು, ಕಾಡುಪ್ರಾಣಿಯಾಗದು.

ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು ಎನ್ನುವ ಮಾತು ನಮ್ಮಲ್ಲಿದೆ. ಕಲ್ಲೆಸೆಯುವ ಮುನ್ನ ಅದರ ಹಸಿವಿನ ಕಾರಣ ಹುಡುಕಬೇಕು. ಮಿತಿಮೀರಿದ ಬೇಟೆಯಿಂದ ಮಂಗೋಲಿಯಾದಲ್ಲಿ ಬಿಲವಾಸಿ ಮಾರ್ಮಟ್‌ಗಳೂ ಕೆಂಪು ಜಿಂಕೆಗಳೂ ತೀವ್ರವಾಗಿ ಕುಸಿದವು. ಇತ್ತ 1990ರಲ್ಲಿ ಸುಮಾರು ಎರಡೂವರೆ ಕೋಟಿಯಿದ್ದ ಜಾನುವಾರುಗಳು ಮೂರು ದಶಕದೊಳಗೆ ಏಳು ಕೋಟಿ ಮುಟ್ಟಿದವು. ಕ್ಯಾಶ್ಮಿಯರ್ ಉಣ್ಣೆಯ ಬೇಡಿಕೆಯಿಂದ ಮೇಕೆಗಳ ಸಂಖ್ಯೆ ಎಲ್ಲಕ್ಕಿಂತ ಬೇಗ ಏರಿತು. ಕಾಡಿನ ಬೇಟೆ ಕಡಿಮೆಯಾಗಿ ಕುರಿ–ಮೇಕೆಗಳೇ ಎಲ್ಲೆಡೆ ತುಂಬಿದಾಗ ತೋಳ ಹೋಗುವುದು ದೊಡ್ಡಿಯತ್ತ, ಇಲ್ಲವೇ ತಾಖಿಯ ಮರಿಯತ್ತ. ಮಾರ್ಮಟ್ ಮತ್ತು ಜಿಂಕೆಗಳನ್ನು ಕಾಯುವುದೇ ಕುದುರೆಮರಿಗಳನ್ನು ಕಾಯುವ ಒಳ್ಳೆಯ ದಾರಿ.

ಜಾನುವಾರುಗಳಿಂದ ಎದುರಾಗುವ ಸವಾಲು ಇನ್ನೂ ಆಳದ್ದು. ಹುಲ್ಲು, ನೀರಿಗಾಗಿ ಪೈಪೋಟಿ ಇದ್ದೇ ಇದೆ. ಅದರ ಮೇಲೆ ತಳಿ ಬೆರೆಯುವ ಅಪಾಯ. ತಾಖಿಗೆ 66 ಕ್ರೋಮೋಸೋಮುಗಳು, ಸಾಕುಕುದುರೆಗೆ 64. ಆದರೂ ಅವೆರಡರ ಮಿಶ್ರಸಂತಾನ ಮರಿ ಹಾಕಬಲ್ಲದು. ಅಂದರೆ ಪಕ್ಕದ ಬಿಡಾರದ ಒಂದೇ ಒಂದು ಸಾಕುಗಂಡು ಒಳನುಗ್ಗಿದರೂ ಎಷ್ಟೋ ವರ್ಷ ಜೋಪಾನ ಮಾಡಿದ ತಳಿ ಕಲಬೆರಕೆಯಾಗುತ್ತದೆ. ಇದನ್ನು ತಡೆಯಲು ತಂತಿಬೇಲಿಗೆ ಆಗದು; ತನ್ನ ಕುದುರೆ ಎಲ್ಲಿ ಮೇಯುತ್ತಿದೆ ಎಂದು ನಿಗಾ ಇಡುವ ಪಶುಪಾಲಕನಿಗೆ ಮಾತ್ರ ಆದೀತು.

ಕುರಿಗಾಹಿ ಮತ್ತು ಕಾಡುಕುದುರೆಯ ಹಣೆಬರಹ ಒಂದೇ ಎಂಬುದನ್ನು 2009–10ರ ಚಳಿಗಾಲ ಕ್ರೂರವಾಗಿ ತೋರಿಸಿತು. ಬೇಸಿಗೆಯಲ್ಲಿ ಹುಲ್ಲು ಬಡವಾಗಿ, ಚಳಿಗಾಲದಲ್ಲಿ ಹಿಮ ದಟ್ಟವಾಗಿ ಕವಿದು ಮೇವು ಸಿಗದೆ ಪ್ರಾಣಿಗಳು ಸಾಯುವ ಆಪತ್ತನ್ನು ಅಲ್ಲಿ ‘ಜುಡ್’ ಎನ್ನುತ್ತಾರೆ. ಕುದುರೆ ಗೊರಸಿನಿಂದ ಹಿಮ ಕೆರೆದು ಹುಲ್ಲು ತಿನ್ನಬಲ್ಲದು. ಹಿಮದ ಆಳ ಮಿತಿ ಮೀರಿದರೆ ಕೆರೆಯುವ ಶ್ರಮಕ್ಕೆ ತಕ್ಕ ಮೇವು ಸಿಗದೆ ನಿಂತಲ್ಲೇ ಕುಸಿಯುತ್ತದೆ. ‘ಗ್ರೇಟ್ ಗೋಬಿ ಬಿ’ ಸಂರಕ್ಷಿತ ಪ್ರದೇಶದಲ್ಲಿ ಆ ಒಂದು ಚಳಿಗಾಲಕ್ಕೆ ತಾಖಿಗಳಲ್ಲಿ ಸರಾಸರಿ 60% ಸತ್ತವು. ಸುತ್ತಲಿನ ಪಶುಪಾಲಕರು ಕಳೆದುಕೊಂಡದ್ದು ತಮ್ಮ ಜಾನುವಾರುಗಳ ಸರಾಸರಿ 67%. ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಕುರಿಗಾಹಿ, ಕಾಡುಕುದುರೆ ಇಬ್ಬರೂ ಒಂದೇ ಏಟಿಗೆ ಸಿಕ್ಕರು. ದೂರದೂರ ಅಲೆಯುವ ಖುಲಾನ್ ಕಾಡುಕತ್ತೆಗಳಿಗೆ ಮಾತ್ರ ಹೆಚ್ಚು ಹಾನಿಯಾಗಲಿಲ್ಲ. ಪೂರ್ವ ಭಾಗದಲ್ಲೇ ನೆಲೆ ನಿಂತಿದ್ದ ತಾಖಿಗಳು ಹೆಚ್ಚು ಸತ್ತವು, ಪಶ್ಚಿಮದಲ್ಲಿದ್ದವು ಬಚಾವಾದವು. ಅಪರೂಪದ ಪ್ರಾಣಿಯನ್ನು ಒಂದೇ ಜಾಗದಲ್ಲಿ ಕೂಡಿಡಬಾರದು, ಅದಕ್ಕೆ ಸರಿದುಹೋಗಲು ತೆರೆದ ಬಯಲು ಬೇಕು ಎಂಬುದು ಈ ಸಾವುಗಳು ಕಲಿಸಿದ ಪಾಠ. ಚಳಿಗಾಲದ ಬಿಡಾರಗಳಿಗೆ ಪೈಪೋಟಿ ಹೆಚ್ಚಿದ್ದರಿಂದ ಕುರಿಗಾಹಿಗಳಿಗೂ ಸರಿಯಲು ದಾರಿಯಿರಲಿಲ್ಲ.

ಕುರಿಗಾಹಿಯನ್ನು ಬಿಟ್ಟು ಕಾಡುಕುದುರೆ ಉಳಿಯದು ಎಂಬುದನ್ನು ಹುಸ್ತಾಯಿ ಬೇಗ ಅರ್ಥಮಾಡಿಕೊಂಡಿತು. ಕುದುರೆಗಳನ್ನು ಬಯಲಿಗೆ ಬಿಡುವ ಮೊದಲು ಆವರಣದಲ್ಲಿಟ್ಟು ಅಲ್ಲಿನ ಹವೆಗೆ ಒಗ್ಗಿಸಿದರು. ಕಾವಲುಗಾರರು ಗುಂಪುಗಳ ಹಿಂದೆಯೇ ಸುತ್ತಿ ಹುಟ್ಟು–ಸಾವು ಬರೆದಿಟ್ಟರು. ಹುಸ್ತಾಯಿ ಉದ್ಯಾನದ ಅಂಚಿನ ಪಶುಪಾಲಕ ಕುಟುಂಬಗಳಿಗೆ ಸಾಲ, ಕೆಲಸ, ಪ್ರವಾಸಿಗರಿಂದ ಆದಾಯ ಸಿಗುವಂತೆ ಮಾಡಿದರು. ತೋಳಕ್ಕೆ ಕುರಿ ಕಳೆದುಕೊಂಡವನಿಗೆ ಇದರಿಂದ ಎಲ್ಲ ನಷ್ಟ ತುಂಬಿತೆಂದು ಹೇಳಲಾಗದು. ಆದರೆ ಉದ್ಯಾನ ತನ್ನ ಶತ್ರುವಲ್ಲ ಎಂದು ನಂಬಲು ಅವನಿಗೊಂದು ಕಾರಣ ದಕ್ಕಿತು.

ಆ ಕಾರಣ ಸಿಗದಿದ್ದರೆ ಏನಾಗುತ್ತದೆ ಎಂಬುದು ಕನ್ನಡಿಗರಿಗೆ ಗೊತ್ತು. 2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ ತಾಯಿಹುಲಿ ಮತ್ತು ನಾಲ್ಕು ಮರಿಗಳು ವಿಷವಿಕ್ಕಿದ ಹಸುವಿನ ಕಳೇಬರ ತಿಂದು ಸತ್ತವು. ಒಂದು ಹಸುವಿನ ನಷ್ಟಕ್ಕೆ ಸಕಾಲದಲ್ಲಿ ಸ್ಪಂದಿಸುವ ವ್ಯವಸ್ಥೆ ಇಲ್ಲದ ಕಡೆ ವರ್ಷಗಟ್ಟಲೆಯ ಸಂರಕ್ಷಣೆ ಒಂದೇ ದಿನದಲ್ಲಿ ಮಣ್ಣುಪಾಲಾಗುತ್ತದೆ.

ತಾಖಿಯನ್ನು ಮೃಗಾಲಯದಲ್ಲಿ ಉಳಿಸಿದ್ದು ವಿಜ್ಞಾನದ ದೊಡ್ಡ ಸಾಧನೆ. ಬಯಲಿನಲ್ಲಿ ಉಳಿಸುವುದು ವಿಜ್ಞಾನವೊಂದರಿಂದಲೇ ಆಗುವ ಕೆಲಸವಲ್ಲ. ಕಜಾಕಸ್ತಾನಕ್ಕೆ ಮುಂದೆ ಕುದುರೆ ಕಳಿಸುವವರು ಪ್ರಾಣಿಗಳ ಜೊತೆಗೆ ಮೂರು ವ್ಯವಸ್ಥೆಗಳನ್ನೂ ಒಯ್ಯಲಿ: ಜುಡ್ ಬಂದಾಗ ಜಾನುವಾರುಗಳಿಗೆ ಮೇವು, ತೋಳ ಹಿಡಿದ ಕುರಿಗೆ ಪರಿಹಾರ, ಮೇವಿನ ನೆಲದ ನಿರ್ಧಾರದಲ್ಲಿ ಪಶುಪಾಲಕನಿಗೊಂದು ಮತ. ತೋಳವನ್ನೂ ಕುರಿಗಾಹಿಯನ್ನೂ ಹೊರಗಿಟ್ಟು ಕಾಡುಕುದುರೆಯನ್ನು ಉಳಿಸಲು ಹೊರಟವರು ಕೊನೆಗೆ ಉಳಿಸುವುದು ಬರೀ ಒಂದು ದೊಡ್ಡ ಬೇಲಿಯನ್ನು.